ಮಕ್ಕಳ ಖಾಸಗಿ ಚಿತ್ರ ಹೊರಬಿದ್ದಾಗ ಏನು ಮಾಡಬೇಕು: ಕಾನೂನಿನ ಏಟು ಮಕ್ಕಳ ಮೇಲೆ ಬೀಳದಂತೆ ನಡೆಯುವ ಬಗೆ

ಹೈಸ್ಕೂಲಿನಲ್ಲೋ ಪಿಯುಸಿಯಲ್ಲೋ ಓದುವ ಮಗುವಿನ ಖಾಸಗಿ ಚಿತ್ರವೊಂದು ಫೋನಿನಿಂದ ಫೋನಿಗೆ ಹರಿದಾಡುತ್ತಿದೆ ಎಂಬ ಸುದ್ದಿ ಕಿವಿಗೆ ಬಿದ್ದ ಕೂಡಲೇ ದೊಡ್ಡವರು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ. ಮಗುವಿಗೆ ಹೊಡೆಯುತ್ತಾರೆ, ಸುದ್ದಿ ನಿಜವೋ ಸುಳ್ಳೋ ಎಂದು ತಿಳಿಯಲು ಆ ಚಿತ್ರವನ್ನು ತಮ್ಮ ಫೋನಿಗೆ ತರಿಸಿಕೊಳ್ಳುತ್ತಾರೆ. ಎರಡೂ ತಪ್ಪು, ಎರಡನೆಯದು ತರಿಸಿಕೊಂಡವರನ್ನೇ ಅಪರಾಧದ ಅಂಚಿಗೆ ತಂದು ನಿಲ್ಲಿಸುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲಳಾಗಿ, ಅಪರಾಧದ ಆರೋಪ ಹೊತ್ತ ಮಕ್ಕಳ ವಿಚಾರಣೆ ನಡೆಸುವ ಬಾಲ ನ್ಯಾಯ ಮಂಡಳಿಯ ಮುಂದೆ ಇಂತಹ ಮಕ್ಕಳ ಪಕ್ಕದಲ್ಲಿ ಕುಳಿತ ಅನುಭವದಿಂದ ಹೇಳುವುದಾದರೆ, ಮಗುವಿನ ಮುಂದಿನ ಎರಡು ಮೂರು ವರ್ಷ ಹೇಗಿರುತ್ತದೆ ಎಂಬುದು ಬಹುಪಾಲು ಆ ಮೊದಲ ಒಂದು ದಿನದಲ್ಲೇ, ನ್ಯಾಯಾಲಯಕ್ಕೆ ಯಾರೂ ಕಾಲಿಡುವ ಮೊದಲೇ, ತೀರ್ಮಾನವಾಗಿಬಿಟ್ಟಿರುತ್ತದೆ.

ಹಾಗಾಗುವುದಕ್ಕೆ ಕಾರಣವಿದೆ. ನಮ್ಮ ಕಾನೂನಿನ ಪದಗಳು ಇಬ್ಬರು ಹದಿಹರೆಯದವರು ಪರಸ್ಪರ ನಂಬಿಕೆಯಿಂದ ಕಳಿಸಿಕೊಂಡ ಚಿತ್ರಕ್ಕೂ, ಅದನ್ನು ಮೂರನೆಯವನು ಊರಿಗೆಲ್ಲ ಹಂಚುವ ಕ್ರೌರ್ಯಕ್ಕೂ ನಡುವೆ ಗೆರೆ ಎಳೆಯುವುದಿಲ್ಲ. ಕಾಯ್ದೆ ಎಳೆಯದ ಆ ಗೆರೆಯನ್ನು ತಂದೆತಾಯಿ, ಮುಖ್ಯೋಪಾಧ್ಯಾಯರು ಮತ್ತು ಠಾಣೆಯ ಅಧಿಕಾರಿ ತಮ್ಮ ನಡೆಯಿಂದ ಎಳೆಯಬೇಕಾಗುತ್ತದೆ. ಅದನ್ನು ಕಾನೂನಿನೊಳಗೇ ಇದ್ದುಕೊಂಡು, ಏನನ್ನೂ ಮುಚ್ಚಿಡದೆ ಮಾಡುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಕಾಯ್ದೆಯ ಪದಗಳು ಎಷ್ಟು ಅಗಲ

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸಲು ಬಂದ 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ವರ್ಷ ತುಂಬದ ಎಲ್ಲರೂ ಮಕ್ಕಳೇ. ಹದಿನೇಳೂವರೆ ವರ್ಷದವರ ಒಪ್ಪಿಗೆಗೂ ಏಳು ವರ್ಷದವರ ಒಪ್ಪಿಗೆಗೂ ಈ ಕಾಯ್ದೆಯ ಕಣ್ಣಿನಲ್ಲಿ ಬೆಲೆ ಒಂದೇ, ಅಂದರೆ ಏನೂ ಇಲ್ಲ. ಅದರ 13ನೇ ಕಲಮು ಮಗುವನ್ನು ಅಶ್ಲೀಲ ಉದ್ದೇಶಕ್ಕೆ ಬಳಸಿಕೊಳ್ಳುವುದನ್ನು ಅಪರಾಧವೆನ್ನುತ್ತದೆ, 14ನೇ ಕಲಮು ಅದಕ್ಕೆ ಕನಿಷ್ಠ ಐದು ವರ್ಷಗಳ ಸೆರೆವಾಸ ವಿಧಿಸುತ್ತದೆ. ಈ ಕನಿಷ್ಠ ಮಿತಿ 2019ರ ತಿದ್ದುಪಡಿಯಿಂದ ಬಂದದ್ದು. 'ಇದು ಹುಡುಗಾಟದ ತಪ್ಪು' ಎಂದು ನ್ಯಾಯಾಧೀಶರಿಗೆ ಮನವರಿಕೆಯಾದರೂ, ವಯಸ್ಕ ಆರೋಪಿಗೆ ಅದಕ್ಕಿಂತ ಕಡಿಮೆ ಕೊಡಲು ಅವರ ಕೈ ಕಟ್ಟಿರುತ್ತದೆ. 15ನೇ ಕಲಮು ಇಂತಹ ಚಿತ್ರವನ್ನು ಇಟ್ಟುಕೊಳ್ಳುವುದರ ಬಗ್ಗೆ ಹೇಳುತ್ತದೆ: ಹಂಚುವ ಉದ್ದೇಶದಿಂದ ಅಳಿಸದೆ ಅಥವಾ ವರದಿ ಮಾಡದೆ ಇಟ್ಟುಕೊಂಡರೆ ಕನಿಷ್ಠ 5,000 ರೂಪಾಯಿ ದಂಡ, ಹಂಚಲೆಂದೋ ಪ್ರದರ್ಶಿಸಲೆಂದೋ ಇಟ್ಟುಕೊಂಡರೆ ಮೂರು ವರ್ಷಗಳವರೆಗೆ ಸೆರೆವಾಸ.

ಇದರ ಜೊತೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮು ನಿಲ್ಲುತ್ತದೆ. 2009ರ ಅಕ್ಟೋಬರ್ 27ರಿಂದ ಜಾರಿಯಲ್ಲಿರುವ ಈ ಕಲಮಿನಲ್ಲಿ ಮಕ್ಕಳ ಅಶ್ಲೀಲ ಚಿತ್ರವನ್ನು ಸೃಷ್ಟಿಸುವುದು, ಕಳಿಸುವುದು, ಸಂಗ್ರಹಿಸುವುದು, ಹುಡುಕುವುದು, ಡೌನ್‌ಲೋಡ್ ಮಾಡುವುದು ಎಲ್ಲವೂ ಒಂದೇ ಉಸಿರಿನಲ್ಲಿ ಬಂದಿವೆ. ಮೊದಲ ಬಾರಿಯ ಅಪರಾಧಕ್ಕೆ ಐದು ವರ್ಷಗಳವರೆಗೆ ಸೆರೆವಾಸ, ಹತ್ತು ಲಕ್ಷ ರೂಪಾಯಿಯವರೆಗೆ ದಂಡ. ಕಲೆ, ವಿಜ್ಞಾನ, ಧಾರ್ಮಿಕ ಪರಂಪರೆ ಮುಂತಾದವಕ್ಕೆ ಅದರಲ್ಲಿ ವಿನಾಯಿತಿ ಇದೆ. ತನ್ನದೇ ಚಿತ್ರವನ್ನು ತಾನೇ ತೆಗೆದುಕೊಂಡ ಮಗುವಿಗೆ ವಿನಾಯಿತಿ ಇಲ್ಲ. ಅಕ್ಷರಶಃ ಓದಿದರೆ, ಹದಿನಾರು ವರ್ಷದ ಹುಡುಗಿ ತನ್ನ ಚಿತ್ರವನ್ನು ಹದಿನೇಳು ವರ್ಷದ ಹುಡುಗನಿಗೆ ಕಳಿಸಿದ ಕ್ಷಣದಲ್ಲಿ ಆಕೆ ಸೃಷ್ಟಿಸಿದವಳು, ಆತ ಇಟ್ಟುಕೊಂಡವನು. ಒಂದೇ ಚಿತ್ರದಲ್ಲಿ ಆಕೆ ಸಂತ್ರಸ್ತೆಯೂ ಹೌದು, ಆರೋಪಕ್ಕೆ ಎಟಕುವವಳೂ ಹೌದು. ಮಕ್ಕಳನ್ನು ಕಾಯಲೆಂದು ಕಟ್ಟಿದ ಬೇಲಿ ಇಲ್ಲಿ ಮಕ್ಕಳಿಗೇ ಚುಚ್ಚುತ್ತದೆ ಎಂಬ ದೂರನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ಈ ತೊಡಕು ನಮ್ಮ ದೇಶದ್ದು ಮಾತ್ರವಲ್ಲ, ಹೊರದೇಶದಲ್ಲಿರುವ ಕನ್ನಡದ ಕುಟುಂಬಗಳೂ ಇದನ್ನು ತಿಳಿದಿರುವುದು ಒಳ್ಳೆಯದು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳು ತನ್ನದೇ ವಿಡಿಯೊವನ್ನು ಇಬ್ಬರು ಗೆಳೆಯರಿಗೆ ಕಳಿಸಿದ್ದಕ್ಕೆ ಆಕೆಯ ಮೇಲೆಯೇ ಮಕ್ಕಳ ಅಶ್ಲೀಲ ಚಿತ್ರ ಹಂಚಿದ ಆರೋಪ ಹೊರಿಸಲಾಯಿತು. ಕಾಯ್ದೆಯ ಪದಗಳಲ್ಲಿ ವಿನಾಯಿತಿ ಇಲ್ಲವೆಂಬ ಕಾರಣಕ್ಕೆ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ 2019ರಲ್ಲಿ ಅದನ್ನು ಎತ್ತಿಹಿಡಿಯಿತು. ಕೆನಡಾದ ಸುಪ್ರೀಂ ಕೋರ್ಟ್ 2001ರಲ್ಲೇ, ಕಾನೂನುಬದ್ಧ ಸಂಬಂಧದಲ್ಲಿರುವವರು ತಮ್ಮ ಖಾಸಗಿ ಬಳಕೆಗಷ್ಟೇ ಮಾಡಿಟ್ಟುಕೊಂಡ ಚಿತ್ರಗಳಿಗೆ ಸಣ್ಣ ವಿನಾಯಿತಿ ಕೊಟ್ಟಿತ್ತು. ಅಂತಹ ಬಾಗಿಲು ನಮ್ಮಲ್ಲಿ ಇನ್ನೂ ತೆರೆದಿಲ್ಲ.

ಮೊದಲ ಗಂಟೆ: ಫೋನನ್ನು ಏನು ಮಾಡಬೇಕು

ಒಂದು ಊರಿನ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ಮಾಡಿದ್ದನ್ನು ನಾನು ಅನೇಕರಿಗೆ ಮಾದರಿಯಾಗಿ ಹೇಳುತ್ತೇನೆ. ವಿದ್ಯಾರ್ಥಿಯೊಬ್ಬ ಫೋನನ್ನು ಅವರ ಮುಂದೆ ಹಿಡಿದು 'ನೋಡಿ ಸಾರ್' ಎಂದಾಗ ಅವರು ಪರದೆಯತ್ತ ಕಣ್ಣು ಹಾಯಿಸದೆ ಫೋನನ್ನು ಬೋರಲಾಗಿ ಮೇಜಿನ ಮೇಲೆ ಇಡಿಸಿದರು. ಹುಡುಗನ ತಂದೆಯನ್ನು ಕರೆಸಿ, ಅವರ ಕೈಯಿಂದಲೇ ಫ್ಲೈಟ್ ಮೋಡ್ ಹಾಕಿಸಿ, ಸ್ವಿಚ್ ಆಫ್ ಮಾಡಿಸಿದರು. ಹಾಜರಾತಿ ಪುಸ್ತಕ ಬರುವ ಕಂದು ಲಕೋಟೆಯಲ್ಲಿ ಫೋನನ್ನಿಟ್ಟು, ಗೋಂದಿನಿಂದ ಅಂಟಿಸಿ, ಅಂಟಿನ ಮೇಲೆ ಹಾಯುವಂತೆ ತಂದೆಯ ಸಹಿ, ತಮ್ಮ ಸಹಿ, ಹೊತ್ತು ಮತ್ತು ದಿನಾಂಕ ಬರೆಸಿ ಬೀರುವಿನಲ್ಲಿಟ್ಟರು. ಆ ಕೋಣೆಯಲ್ಲಿದ್ದ ಒಬ್ಬರೂ ಚಿತ್ರವನ್ನು ನೋಡಲಿಲ್ಲ. ತಿಂಗಳುಗಳ ನಂತರ ಆ ಹುಡುಗಿ ನನ್ನೊಡನೆ ಹೇಳಿದ ಒಂದೇ ಒಳ್ಳೆಯ ಮಾತು ಅದು: 'ಸಾರ್ ನೋಡಲಿಲ್ಲ ಮೇಡಂ.'

ಫ್ಲೈಟ್ ಮೋಡ್ ಹಾಕುವುದು ಯಾಕೆಂದರೆ, ಕಳಿಸಿದವನು ಬೇರೆ ಕಡೆಯಿಂದ 'ಎಲ್ಲರಿಗೂ ಅಳಿಸು' ಒತ್ತಿದರೆ ಯಾರು ಯಾವಾಗ ಕಳಿಸಿದರೆಂಬ ಪುರಾವೆಯೂ ಹೊರಟುಹೋಗುತ್ತದೆ. ಅದೇ ಪುರಾವೆ ಮುಂದೆ ಹಂಚಿದವನನ್ನೂ ಹಂಚದವನನ್ನೂ ಬೇರೆ ಮಾಡಿ ತೋರಿಸುವಂಥದ್ದು. ಗಾಬರಿಯಿಂದ ಮಗುವಿನ ಫೋನನ್ನು ಫಾರ್ಮ್ಯಾಟ್ ಮಾಡಿಸುವ ತಂದೆ, ತನ್ನ ಮಗಳನ್ನು ಬೆದರಿಸಿದವನ ವಿರುದ್ಧದ ಸಾಕ್ಷ್ಯವನ್ನು ತಾನೇ ಸುಟ್ಟಂತೆ. ಬೆದರಿಕೆಯ ಸಂದೇಶ, ಕಳಿಸಿದ ಖಾತೆಯ ಹೆಸರು, ಮೊಬೈಲ್ ಸಂಖ್ಯೆ, ಗುಂಪಿನ ಹೆಸರು, ಹೊತ್ತು ಇವನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಚಿತ್ರವಿಲ್ಲದ, ಮಾತಷ್ಟೇ ಇರುವ ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆಯಬಹುದು. ಚಿತ್ರದ ಸ್ಕ್ರೀನ್‌ಶಾಟ್ ತೆಗೆಯಬಾರದು, ಏಕೆಂದರೆ ಅದು ಇನ್ನೊಂದು ಪ್ರತಿ.

ಚಿತ್ರವನ್ನು ಶಿಕ್ಷಕರ ವಾಟ್ಸ್ಆ್ಯಪ್ ಗುಂಪಿಗೋ, ಪೋಷಕರ ಸಂಘದ ಅಧ್ಯಕ್ಷರಿಗೋ, ಪರಿಚಯದ ಪೊಲೀಸರಿಗೋ 'ಮಾಹಿತಿಗಾಗಿ' ಎಂದು ಫಾರ್ವರ್ಡ್ ಮಾಡುವುದು ಈ ಪ್ರಕರಣಗಳಲ್ಲಿ ನಾನು ಕಂಡ ಅತ್ಯಂತ ಸಾಮಾನ್ಯವಾದ ಮತ್ತು ಅತ್ಯಂತ ಹಾನಿಕರವಾದ ತಪ್ಪು. ಅಧಿಕಾರಿಗಳಿಗೆ ವರದಿ ಮಾಡುವುದಕ್ಕೆ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸುವುದಕ್ಕೆ 15ನೇ ಕಲಮು ಅವಕಾಶ ಕೊಟ್ಟಿದೆ. ಸ್ಟಾಫ್ ರೂಮಿನ ಚರ್ಚೆಗೆ ಕೊಟ್ಟಿಲ್ಲ. ನಿಮಗೆ ಕೇಳದೆಯೇ ಇಂತಹ ಚಿತ್ರ ಬಂದುಬಿಟ್ಟಿದ್ದರೆ ಯಾರಿಗೂ ಕಳಿಸದೆ ಪೊಲೀಸರಿಗೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿಗೆ ವರದಿ ಮಾಡಿ. 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್, ಮದ್ರಾಸ್ ಹೈಕೋರ್ಟಿನ ತೀರ್ಪೊಂದನ್ನು ರದ್ದುಮಾಡುತ್ತಾ, ಇಂತಹ ಚಿತ್ರವನ್ನು ಅಳಿಸದೆ, ವರದಿ ಮಾಡದೆ ಇಟ್ಟುಕೊಂಡ ಸನ್ನಿವೇಶದಿಂದಲೇ ಹಂಚುವ ಉದ್ದೇಶವನ್ನು ಊಹಿಸಬಹುದು ಎಂದು ಹೇಳಿದ ಮೇಲೆ, 'ನಾನು ಸುಮ್ಮನೆ ಇಟ್ಟುಕೊಂಡಿದ್ದೆ' ಎಂಬ ಸಮಜಾಯಿಷಿಗೆ ಮೊದಲಿದ್ದ ಆಸರೆ ಈಗ ಇಲ್ಲ. ಅದೇ ತೀರ್ಪು ಇವನ್ನು ಮಕ್ಕಳ ಅಶ್ಲೀಲ ಚಿತ್ರ ಎನ್ನದೆ, ಮಕ್ಕಳ ಲೈಂಗಿಕ ಶೋಷಣೆಯ ಸಾಮಗ್ರಿ ಎಂಬರ್ಥದ ಹೆಸರಿನಿಂದ ಕರೆಯಬೇಕೆಂದೂ ಹೇಳಿತು. ಮಕ್ಕಳನ್ನು ದುರ್ಬಳಕೆ ಮಾಡುವ ಜಾಲಗಳಿಗೆ ಈ ಬಿಗಿ ಬೇಕೇ ಬೇಕು. ತೊಂದರೆಯೆಂದರೆ ಅದೇ ಬಿಗಿ ಹತ್ತನೇ ತರಗತಿಯ ಬೆಂಚಿಗೂ ತಾಗುತ್ತದೆ.

ಮಗುವಿನೊಡನೆ ಮಾತು

ಇದಕ್ಕೆ ದೀರ್ಘ ಸೂತ್ರವೇನಿಲ್ಲ. ಬೇರೆಯವರು ಇಲ್ಲದ ಕೋಣೆಯಲ್ಲಿ, ಅಮ್ಮನೋ ಚಿಕ್ಕಮ್ಮನೋ ಮಗು ನಂಬುವ ಒಬ್ಬರು ಮಾತ್ರ ಕುಳಿತು, 'ಏನಾಗಿದ್ದರೂ ನಿನ್ನ ಜೊತೆ ನಾವಿದ್ದೇವೆ' ಎಂದು ಮೊದಲು ಹೇಳಿ, ನಂತರ ನಾಲ್ಕು ವಿಷಯ ತಿಳಿದುಕೊಳ್ಳಿ: ಯಾರ ವಯಸ್ಸು ಎಷ್ಟು, ಚಿತ್ರ ತೆಗೆದವರು ಯಾರು, ಮೊದಲು ಯಾರಿಗೆ ಹೋಯಿತು ಮತ್ತು ಅಲ್ಲಿಂದ ಹೊರಗೆ ಕಳಿಸಿದವರು ಯಾರು, ಯಾರಾದರೂ ಹಣ ಅಥವಾ ಇನ್ನಷ್ಟು ಚಿತ್ರ ಕೇಳಿ ಬೆದರಿಸಿದ್ದಾರೆಯೇ. 'ಯಾಕೆ ಕಳಿಸಿದೆ' ಎಂಬ ಪ್ರಶ್ನೆಯನ್ನು ಆ ದಿನ ಕೇಳಬೇಡಿ. ಅದಕ್ಕೆ ಉತ್ತರ ಮಗುವಿಗೂ ಗೊತ್ತಿರುವುದಿಲ್ಲ, ಮತ್ತು ಆ ಪ್ರಶ್ನೆ ಕೇಳಿದ ಕೂಡಲೇ ಉಳಿದ ನಾಲ್ಕಕ್ಕೂ ಬಾಯಿ ಮುಚ್ಚಿಹೋಗುತ್ತದೆ.

ರಾತ್ರಿ ಮಗುವನ್ನು ಒಂಟಿಯಾಗಿ ಬಿಡಬೇಡಿ. ಮಾತಿನಲ್ಲಿ ಬದುಕೇ ಬೇಡವೆಂಬ ಸುಳಿವು ಕಂಡರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ. ಕನ್ನಡದಲ್ಲಿ ಮಾತನಾಡುವ ಆಪ್ತಸಮಾಲೋಚಕರು ಸಿಗುತ್ತಾರೆ. ಮಕ್ಕಳ ಸಹಾಯವಾಣಿ 1098.

ವರದಿ ಮಾಡುವುದೇ ಬೇಡವೇ

'ಹುಡುಗ ಹುಡುಗಿ ಇಬ್ಬರ ಮನೆಯವರೂ ಕೂತು ಮಾತಾಡಿ ಮುಗಿಸಿಕೊಳ್ಳೋಣ' ಎಂಬ ಸಲಹೆ ಎಲ್ಲ ಊರಿನಲ್ಲೂ ಬರುತ್ತದೆ, ಅದರ ಹಿಂದೆ ಮಕ್ಕಳ ಬಗೆಗಿನ ಕಾಳಜಿಯೂ ಇರುತ್ತದೆ. ಆದರೆ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆಗಲಿ ಅದನ್ನು ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಠಾಣೆಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಂತೆ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರು ಮಾಡಿದ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಮಕ್ಕಳಿಗೆ ಈ ಶಿಕ್ಷೆ ಅನ್ವಯಿಸುವುದಿಲ್ಲ ಎಂದೂ ಅದೇ ಕಲಮು ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಗೆಳತಿಯ ಗುಟ್ಟು ಕಾಪಾಡಿದ ಸಹಪಾಠಿಯನ್ನು 'ನಿನ್ನನ್ನೂ ಒಳಗೆ ಹಾಕಿಸುತ್ತೇವೆ' ಎಂದು ಹೆದರಿಸುವುದು ಸುಳ್ಳು ಹೆದರಿಕೆ. ಸದುದ್ದೇಶದಿಂದ ತಿಳಿಸಿದವರಿಗೆ ಯಾವ ಹೊಣೆಯೂ ತಗಲುವುದಿಲ್ಲ.

ಹೀಗಾಗಿ ವರದಿ ಮಾಡಬೇಕೇ ಬೇಡವೇ ಎಂಬುದರಲ್ಲಿ ನಮಗೆ ಹೆಚ್ಚು ಆಯ್ಕೆಯಿಲ್ಲ. ಆಯ್ಕೆ ಇರುವುದು ಯಾರ ಬಳಿ, ಯಾವ ಪದಗಳಲ್ಲಿ ಎಂಬುದರಲ್ಲಿ. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಎಂದು ಗೊತ್ತುಪಡಿಸಿದ ಒಬ್ಬರು ಇರಬೇಕು, ಅವರನ್ನೇ ಕೇಳಿ. ತಂತ್ರಜ್ಞಾನದ ಪತ್ತೆ ಕೆಲಸಕ್ಕೆ ಜಿಲ್ಲೆಯ ಸೈಬರ್, ಆರ್ಥಿಕ ಮತ್ತು ಮಾದಕದ್ರವ್ಯ ಅಪರಾಧ ಠಾಣೆ, ಅಂದರೆ ಸಿಇಎನ್ ಠಾಣೆ, ನೆರವಾಗುತ್ತದೆ.

ದೂರಿನ ಭಾಷೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಅಲ್ಲಿ ಬರೆದ ಒಂದು ಸಾಲು ಆರೋಪಪಟ್ಟಿಯವರೆಗೂ ಹರಿದುಬರುತ್ತದೆ. 'ಹುಡುಗಿ ಮತ್ತು ಹುಡುಗ ಅಶ್ಲೀಲ ಚಿತ್ರ ವಿನಿಮಯ ಮಾಡಿಕೊಂಡು ಶಾಲೆಯ ಮರ್ಯಾದೆ ಕಳೆದಿದ್ದಾರೆ' ಎಂದು ಬರೆದರೆ ಬಲಿಯಾದವಳನ್ನೂ ನಂಬಿಕೆ ಉಳಿಸಿಕೊಂಡವನನ್ನೂ ಹಂಚಿದವನನ್ನೂ ಒಂದೇ ಹಗ್ಗದಲ್ಲಿ ಕಟ್ಟಿದಂತಾಗುತ್ತದೆ. ನಾನು ಸಾಮಾನ್ಯವಾಗಿ ಬರೆಸುವುದು ಹೀಗೆ:

'ನಮ್ಮ ಶಾಲೆಯಲ್ಲಿ ಓದುತ್ತಿರುವ 15 ವರ್ಷ ವಯಸ್ಸಿನ ವಿದ್ಯಾರ್ಥಿನಿಯೊಬ್ಬಳ ಖಾಸಗಿ ಚಿತ್ರವು ಆಕೆಯ ಒಪ್ಪಿಗೆಯಿಲ್ಲದೆ ವಾಟ್ಸ್ಆ್ಯಪ್ ಗುಂಪೊಂದರಲ್ಲಿ ಹಂಚಿಕೆಯಾಗಿದೆ ಎಂಬ ಸಂಗತಿ ಈ ದಿನ ಬೆಳಿಗ್ಗೆ 10-30ಕ್ಕೆ ನನ್ನ ಗಮನಕ್ಕೆ ಬಂದಿರುತ್ತದೆ. ಚಿತ್ರವನ್ನು ನಾನು ನೋಡಿರುವುದಿಲ್ಲ, ಯಾರಿಗೂ ಕಳುಹಿಸಿರುವುದಿಲ್ಲ. ಚಿತ್ರವಿದೆ ಎನ್ನಲಾದ ಫೋನನ್ನು ಪೋಷಕರ ಸಮಕ್ಷಮ ಲಕೋಟೆಯಲ್ಲಿಟ್ಟು, ಅಂಟಿಸಿ, ಸಹಿ ಮಾಡಿಸಿ ಇದರೊಂದಿಗೆ ಹಾಜರುಪಡಿಸಿದ್ದೇನೆ. ಹಂಚಿದರೆನ್ನಲಾದವರು ಸಹ 18 ವರ್ಷದೊಳಗಿನವರಾಗಿರುವುದರಿಂದ ಈ ವಿಷಯವನ್ನು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯವರ ಮೂಲಕ, ಬಾಲ ನ್ಯಾಯ ಕಾಯ್ದೆಗೆ ಅನುಸಾರವಾಗಿ ನಿರ್ವಹಿಸಬೇಕೆಂದು ಕೋರುತ್ತೇನೆ. ಮಕ್ಕಳ ಹೆಸರು ಮತ್ತು ವಿಳಾಸವನ್ನು ಪ್ರತ್ಯೇಕ ಮುಚ್ಚಿದ ಲಕೋಟೆಯಲ್ಲಿ ಸಲ್ಲಿಸಿದ್ದೇನೆ.'

ಇದರಲ್ಲಿ ಸುಳ್ಳಿಲ್ಲ, ಮುಚ್ಚುಮರೆಯಿಲ್ಲ. ಹಾನಿ ಎಲ್ಲಿ ಆಯಿತೋ ಅಲ್ಲಿಗೆ, ಅಂದರೆ ಒಪ್ಪಿಗೆಯಿಲ್ಲದ ಹಂಚಿಕೆಗೆ, ಬೆರಳು ತೋರಿಸಿದೆ. ಸ್ವೀಕೃತಿ ಪಡೆಯದೆ ಠಾಣೆಯಿಂದ ಹೊರಡಬೇಡಿ.

ಹೇಳಿಕೆ ಪಡೆಯಲು ಮಗುವನ್ನು ಠಾಣೆಗೆ ಅಲೆಸಬೇಕಾಗಿಲ್ಲ. ಪೋಕ್ಸೊ ಕಾಯ್ದೆಯ 24ನೇ ಕಲಮಿನಂತೆ ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದ ಸ್ಥಳದಲ್ಲಿ, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಬಂದು ಹೇಳಿಕೆ ಪಡೆಯಬೇಕು; ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವಿಷಯ ತಿಳಿಸಬೇಕು, ಸಮಿತಿಯು ಮಗುವಿಗೆ ಜೊತೆಯಾಗಿ ನಿಲ್ಲಲು ಬೆಂಬಲ ವ್ಯಕ್ತಿಯೊಬ್ಬರನ್ನು ಒದಗಿಸಬಹುದು. ಈ ಬೆಂಬಲ ವ್ಯಕ್ತಿಯನ್ನು ಕೇಳಿ ಪಡೆದುಕೊಳ್ಳಿ. ಕೇಳದವರಿಗೆ ಸಿಗುವುದು ಕಷ್ಟ.

ನಿಮ್ಮ ಮಗುವೇ ಹಂಚಿದ್ದರೆ

ಇಂತಹ ಮಗುವಿನ ತಂದೆತಾಯಿ ನನ್ನ ಬಳಿ ಬಂದು ಕೇಳುವ ಮೊದಲ ಪ್ರಶ್ನೆ 'ಜೈಲಾಗುತ್ತದೆಯೇ' ಎಂಬುದು. 18 ತುಂಬದಿದ್ದರೆ ಇಲ್ಲ. ಪೋಕ್ಸೊ ಕಾಯ್ದೆಯ 34ನೇ ಕಲಮೇ, ಅಪರಾಧ ಮಾಡಿದವರು ಮಕ್ಕಳಾಗಿದ್ದರೆ ಅವರನ್ನು ಬಾಲ ನ್ಯಾಯ ಕಾಯ್ದೆಗೆ ಒಪ್ಪಿಸುತ್ತದೆ, ಮತ್ತು 2015ರ ಆ ಕಾಯ್ದೆಯಲ್ಲಿ ನಮ್ಮ ಕಾನೂನಿನ ಮೃದುವಾದ ಮುಖ ಇದೆ. ದುರದೃಷ್ಟವೆಂದರೆ ಪೋಕ್ಸೊ ಹೆಸರು ಎಲ್ಲರಿಗೂ ಗೊತ್ತು, ಬಾಲ ನ್ಯಾಯ ಕಾಯ್ದೆಯನ್ನು ಓದಿದವರು ಠಾಣೆಗಳಲ್ಲೂ ಕಡಿಮೆ.

ಆ ಕಾಯ್ದೆ ಅಪರಾಧಗಳನ್ನು ಸಣ್ಣ, ಗಂಭೀರ, ಘೋರ ಎಂದು ಮೂರಾಗಿ ವಿಂಗಡಿಸುತ್ತದೆ. ಮೂರು ವರ್ಷಗಳವರೆಗಿನ ಶಿಕ್ಷೆಯ ಅಪರಾಧ ಸಣ್ಣದು. ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚು ಇರುವುದು ಘೋರ. ಪೋಕ್ಸೊ 15ನೇ ಕಲಮಿನ ಹಂಚಿಕೆ ಸಣ್ಣ ಅಪರಾಧದ ಸಾಲಿಗೆ, 67ಬಿ ಗಂಭೀರದ ಸಾಲಿಗೆ ಬರುತ್ತವೆ. ಈ ವಿಂಗಡಣೆ ಪುಸ್ತಕದ ಮಾತಲ್ಲ, ಅದರಿಂದ ಠಾಣೆಯಲ್ಲೇ ಎರಡು ನೇರ ಪರಿಣಾಮಗಳಿವೆ. ಹದಿನಾರು ದಾಟಿದ ಮಕ್ಕಳನ್ನು ವಯಸ್ಕರಂತೆ ವಿಚಾರಣೆ ಮಾಡುವ ಪ್ರಶ್ನೆ ಏಳುವುದು ಘೋರ ಅಪರಾಧದಲ್ಲಿ ಮಾತ್ರ, ಆದ್ದರಿಂದ ಚಿತ್ರ ಹಂಚಿದ ಆರೋಪವಷ್ಟೇ ಇರುವಲ್ಲಿ ಅದು ಏಳುವುದಿಲ್ಲ. ಎರಡನೆಯದು, ಕೇಂದ್ರದ 2016ರ ಮಾದರಿ ನಿಯಮಗಳ 8ನೇ ನಿಯಮದಂತೆ, ಘೋರ ಅಪರಾಧವಲ್ಲದಿದ್ದರೆ ಮತ್ತು ವಯಸ್ಕರು ಜೊತೆಗೂಡಿಲ್ಲದಿದ್ದರೆ ಮಗುವಿನ ಮೇಲೆ ಎಫ್‌ಐಆರ್ ದಾಖಲಿಸುವುದೇ ಬೇಡ. ಠಾಣೆಯ ದಿನಚರಿಯಲ್ಲಿ ನಮೂದಿಸಿ, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯೊಂದಿಗೆ ಮಂಡಳಿಗೆ ಕಳಿಸಿದರೆ ಸಾಕು. ಈ ನಿಯಮದ ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಸೌಜನ್ಯದಿಂದ ಅಧಿಕಾರಿಯ ಮುಂದಿಡಿ. ಹೀಗೆ ಮುಂದಿಟ್ಟ ಒಂದು ಹಾಳೆಯಿಂದ ಪೂರ್ತಿ ದಿಕ್ಕು ಬದಲಾದ ಪ್ರಕರಣವನ್ನು ಕಣ್ಣಾರೆ ಕಂಡಿದ್ದೇನೆ.

ಮಗುವನ್ನು ವಶಕ್ಕೆ ಪಡೆದರೂ ಲಾಕಪ್ಪಿಗೆ ಹಾಕುವಂತಿಲ್ಲ, ಕೈಕೋಳ ತೊಡಿಸುವಂತಿಲ್ಲ. 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಅಪರಾಧ ಜಾಮೀನಿಗೆ ಅರ್ಹವೋ ಅಲ್ಲವೋ ಎಂಬ ಭೇದವಿಲ್ಲದೆ ಮಗುವಿಗೆ ಜಾಮೀನು ಸಿಗುವುದು ನಿಯಮ, ನಿರಾಕರಣೆ ಅಪವಾದ. ವಿಚಾರಣೆಯ ನಂತರ ಮಂಡಳಿಯು ಬುದ್ಧಿಮಾತು ಹೇಳಿ ಮನೆಗೆ ಕಳಿಸಬಹುದು, ಆಪ್ತಸಮಾಲೋಚನೆಗೆ ಸೂಚಿಸಬಹುದು, ಸಮುದಾಯ ಸೇವೆ ವಿಧಿಸಬಹುದು, ಪರಿವೀಕ್ಷಣೆಯಲ್ಲಿ ಇರಿಸಬಹುದು. ಕೊನೆಯ ಮಾರ್ಗವಾಗಿ ಮೂರು ವರ್ಷ ಮೀರದಂತೆ ವಿಶೇಷ ಗೃಹಕ್ಕೆ ಕಳಿಸಬಹುದು. ಸಣ್ಣ ಅಪರಾಧದ ವಿಚಾರಣೆ ನಾಲ್ಕು ತಿಂಗಳಲ್ಲಿ, ವಿಸ್ತರಿಸಿದರೆ ಇನ್ನೆರಡು ತಿಂಗಳಲ್ಲಿ ಮುಗಿಯದಿದ್ದರೆ ಅಲ್ಲಿಗೇ ಕೊನೆಗೊಳ್ಳುತ್ತದೆ. ಬಾಲ ನ್ಯಾಯ ಕಾಯ್ದೆಯ 24ನೇ ಕಲಮಿನಂತೆ ಈ ದಾಖಲೆಯಿಂದ ಮುಂದೆ ಯಾವ ಅನರ್ಹತೆಯೂ ಅಂಟಿಕೊಳ್ಳುವುದಿಲ್ಲ, ಸಿಇಟಿ ಬರೆಯುವುದಕ್ಕೂ ನೌಕರಿಗೆ ಅರ್ಜಿ ಹಾಕುವುದಕ್ಕೂ ಅಡ್ಡಿಯಿಲ್ಲ. ವಕೀಲರ ಶುಲ್ಕದ ಚಿಂತೆಯೂ ಬೇಡ: ಆದಾಯ ಎಷ್ಟೇ ಇರಲಿ, ಮಕ್ಕಳಿಗೆ ಉಚಿತ ಕಾನೂನು ನೆರವು ಹಕ್ಕು, 15100ಕ್ಕೆ ಕರೆ ಮಾಡಬಹುದು ಅಥವಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಬಹುದು.

ಇಷ್ಟು ಹೇಳಿದ ಮೇಲೂ ಒಂದು ಮಾತು ಸೇರಿಸಬೇಕು. ಹಂಚಿದ ಮಗುವನ್ನು ಶಿಕ್ಷೆಯಿಂದ ಪಾರುಮಾಡುವುದೇ ಗುರಿಯಾದರೆ ನಾವು ಇನ್ನೊಂದು ಮಗುವಿಗೆ ದ್ರೋಹ ಮಾಡುತ್ತೇವೆ. ತಾನು ಮಾಡಿದ್ದು ಎಷ್ಟು ದೊಡ್ಡ ಹಾನಿ ಎಂಬುದು ಹುಡುಗನಿಗೆ ತಿಳಿಯಬೇಕು, ಮತ್ತು ಯಾರು ಯಾರಿಗೆ ಕಳಿಸಿದ್ದಾನೆಂದು ಪೂರ್ತಿ ಪಟ್ಟಿ ಕೊಡಬೇಕು. ಆ ಪಟ್ಟಿಯಿಂದಲೇ ಚಿತ್ರ ಎಲ್ಲೆಲ್ಲಿ ಹರಡಿದೆ ಎಂದು ತಿಳಿದು ಅದನ್ನು ತಡೆಯಲಾಗುವುದು.

ಹದಿನೆಂಟರ ಗೆರೆ

ಮೇಲಿನ ಆಸರೆಯೆಲ್ಲ ಹದಿನೆಂಟನೆಯ ಹುಟ್ಟುಹಬ್ಬದಂದು ಒಮ್ಮೆಗೇ ಕಳಚಿಬೀಳುತ್ತದೆ. ದ್ವಿತೀಯ ಪಿಯುಸಿಯ ಒಂದೇ ತರಗತಿಯಲ್ಲಿ ಕುಳಿತ ಇಬ್ಬರಲ್ಲಿ ಒಬ್ಬನಿಗೆ ಜೂನ್‌ನಲ್ಲಿ ಹದಿನೆಂಟು ತುಂಬಿ, ಇನ್ನೊಬ್ಬಳಿಗೆ ಅಕ್ಟೋಬರ್‌ನಲ್ಲಿ ತುಂಬುವುದಿದ್ದರೆ, ನಡುವಿನ ನಾಲ್ಕು ತಿಂಗಳಲ್ಲಿ ಆಕೆಯ ಚಿತ್ರವೊಂದು ಆತನ ಫೋನಿನಲ್ಲಿದ್ದರೆ ಆತ ಪೂರ್ಣ ವಯಸ್ಕ ಆರೋಪಿ. ಅಲ್ಲಿ ಎಫ್‌ಐಆರ್ ಇದೆ, ಬಂಧನವಿದೆ, ವಿಶೇಷ ನ್ಯಾಯಾಲಯವಿದೆ, ಪೋಕ್ಸೊ 13ನೇ ಕಲಮು ಸೇರಿಸಿದರೆ ಕನಿಷ್ಠ ಐದು ವರ್ಷದ ನೆರಳಿದೆ. ಕಾನೂನು ಎಳೆಯರನ್ನು ಅತಿಯಾಗಿ ದಂಡಿಸುತ್ತದೆಯೇ ಎಂದು ನನ್ನನ್ನು ಕೇಳಿದರೆ ನಾನು ಮೊದಲು ತೋರಿಸುವುದು ಈ ನಾಲ್ಕು ತಿಂಗಳನ್ನು.

ಇಂತಹ ಪ್ರಕರಣದಲ್ಲಿ ದಿನಾಂಕವೇ ಎಲ್ಲ. ಕೃತ್ಯ ನಡೆದ ದಿನ 18 ತುಂಬಿರದಿದ್ದರೆ, ಸಿಕ್ಕಿಬಿದ್ದದ್ದು ತುಂಬಿದ ಮೇಲಾದರೂ ಬಾಲ ನ್ಯಾಯ ಕಾಯ್ದೆಯ 6ನೇ ಕಲಮು ಆತನನ್ನು ಮಗುವೆಂದೇ ನೋಡುತ್ತದೆ. ಚಿತ್ರ ಕಳಿಸಿದ ದಿನಾಂಕ, ಹಂಚಿದ ದಿನಾಂಕ ಎರಡನ್ನೂ ನಿಖರವಾಗಿ ಹಿಡಿದುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಶಾಲೆಯ ಜನನ ದಾಖಲೆಯನ್ನು ಮೊದಲ ದಿನವೇ ವಕೀಲರಿಗೆ ಕೊಡಿ, ಏಕೆಂದರೆ 94ನೇ ಕಲಮಿನಂತೆ ವಯಸ್ಸು ತೀರ್ಮಾನಿಸಲು ಮೊದಲ ಸ್ಥಾನ ಈ ದಾಖಲೆಗಳಿಗೇ.

ಚಿತ್ರವನ್ನು ಇಳಿಸುವುದು

ಠಾಣೆಯ ಕೆಲಸ ನಡೆಯುತ್ತಿರುವಾಗಲೇ ಇದನ್ನೂ ಮಾಡಬೇಕು. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂತಹ ವೇದಿಕೆಗಳಲ್ಲಿ ಆಯಾ ಪೋಸ್ಟಿನ ಮೇಲೆಯೇ ವರದಿ ಒತ್ತಿ, ಮಗುವಿನ ಚಿತ್ರ ಎಂಬ ಕಾರಣವನ್ನು ಆರಿಸಿ. ಅದರ ಜೊತೆಗೆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೂ ಬರೆಯಿರಿ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಇಂತಹ ಖಾಸಗಿ ಚಿತ್ರದ ದೂರಿಗೆ ಜಾರಿಗೆ ಬಂದಾಗಲೇ 24 ಗಂಟೆಗಳ ಗಡುವು ಇಟ್ಟಿದ್ದವು. 18ರೊಳಗಿನವರ ಚಿತ್ರಕ್ಕೆಂದೇ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯೊಂದಿದೆ. ಅದರಲ್ಲಿ ಚಿತ್ರ ನಿಮ್ಮ ಫೋನಿನಿಂದ ಹೊರಗೆ ಹೋಗುವುದಿಲ್ಲ, ಚಿತ್ರದ ಬೆರಳಚ್ಚಿನಂತಹ ಒಂದು ಸಂಕೇತ ಮಾತ್ರ ಹೋಗುತ್ತದೆ. ಸೇವೆಯಲ್ಲಿ ಸೇರಿರುವ ವೇದಿಕೆಗಳು ಆ ಸಂಕೇತಕ್ಕೆ ಹೊಂದುವ ಚಿತ್ರವನ್ನು ತಮ್ಮಲ್ಲಿ ಹುಡುಕಿ ತೆಗೆಯುತ್ತವೆ. ಕೃತಕವಾಗಿ ಮುಖ ಜೋಡಿಸಿದ ಚಿತ್ರವಾದರೂ ಧೈರ್ಯಗೆಡಬೇಡಿ. ಮಗುವಿನಂತೆ ಕಾಣುವ ಹಾಗೆ ರಚಿಸಿದ ಅಥವಾ ತಿದ್ದಿದ ಚಿತ್ರವೂ 2019ರ ತಿದ್ದುಪಡಿಯ ವ್ಯಾಖ್ಯೆಯೊಳಗೆ ಬರುತ್ತದೆ, ಅಂತಹ ಚಿತ್ರ ತೋರಿಸಿ ಬೆದರಿಸುವುದೂ ಪೋಕ್ಸೊ 11ನೇ ಕಲಮಿನಡಿ ಲೈಂಗಿಕ ಕಿರುಕುಳವೇ. ಬೆದರಿಸಿದವರಿಗೆ ಹಣ ಕೊಡಬೇಡಿ. ಒಮ್ಮೆ ಕೊಟ್ಟರೆ ಬೇಡಿಕೆ ನಿಲ್ಲುವುದಿಲ್ಲ.

ಶಾಲೆ ಕೊಡುವ ಶಿಕ್ಷೆ

ಕಾಯ್ದೆಗಿಂತ ಕಠಿಣವಾದ ಶಿಕ್ಷೆ ಎಷ್ಟೋ ಬಾರಿ ಶಾಲೆಯ ಕಚೇರಿಯಲ್ಲೇ ಬರುತ್ತದೆ. 'ಟಿಸಿ ತೆಗೆದುಕೊಂಡು ಹೋಗಿ, ನಾವು ಏನೂ ಬರೆಯುವುದಿಲ್ಲ' ಎಂಬ ಮಾತನ್ನು ಹುಡುಗಿಯ ಮನೆಯವರಿಗೇ ಹೇಳಲಾಗುತ್ತದೆ, ಹಂಚಿದವನು ಅದೇ ಬೆಂಚಿನಲ್ಲಿ ಮುಂದುವರಿಯುತ್ತಾನೆ. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಹೊರಹಾಕುವುದು ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮಿಗೆ ವಿರುದ್ಧ. ಅದಕ್ಕಿಂತ ಮೇಲಿನ ತರಗತಿಯಾದರೆ ಟಿಸಿ ಕೇಳಿದ ಕಾರಣವನ್ನು ಬರಹದಲ್ಲಿ ಕೊಡಿ ಎನ್ನಿ, ಮತ್ತು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಕಳಿಸಿ. ಬರಹದಲ್ಲಿ ಕೊಡಿ ಎಂದ ಕೂಡಲೇ ಮಾತು ಮೆತ್ತಗಾಗುವುದನ್ನು ಕಂಡಿದ್ದೇನೆ. ಮಗುವಿನ ಗುರುತು ಬಯಲಾಗುವಂತೆ ಪತ್ರಿಕೆಯಲ್ಲೋ ಸ್ಥಳೀಯ ಚಾನೆಲ್ಲಿನಲ್ಲೋ ಸುದ್ದಿ ಬಂದರೆ ಅದು ಪೋಕ್ಸೊ 23ನೇ ಕಲಮು ಮತ್ತು ಬಾಲ ನ್ಯಾಯ ಕಾಯ್ದೆಯ 74ನೇ ಕಲಮಿನಡಿ ಅಪರಾಧ. ಊರಿನ ಹೆಸರು, ಶಾಲೆಯ ಹೆಸರು, ತಂದೆಯ ವೃತ್ತಿ ಮೂರನ್ನೂ ಹಾಕಿ ಹೆಸರು ಮಾತ್ರ ಬಿಟ್ಟರೂ ಗುರುತು ಬಯಲಾದಂತೆಯೇ.

ತರಗತಿಯಲ್ಲಿ ಮೊದಲೇ ಹೇಳುವುದು

ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ ಒಂದು ಮೇಲ್ಮನವಿಯನ್ನು ತೀರ್ಮಾನಿಸುವಾಗ, ಕನಿಷ್ಠ ಒಂಬತ್ತನೇ ತರಗತಿಯಿಂದ ಎಲ್ಲ ವಿದ್ಯಾರ್ಥಿಗಳಿಗೂ ಪೋಕ್ಸೊ ಕಾಯ್ದೆಯ ಪರಿಣಾಮಗಳನ್ನು ತಿಳಿಸಬೇಕೆಂದು ಹೇಳಿತು. ಒಪ್ಪಿಗೆಯ ವಯಸ್ಸನ್ನು ಮರುಪರಿಶೀಲಿಸುವಂತೆ ಕಾನೂನು ಆಯೋಗಕ್ಕೂ ಸೂಚಿಸಿತು. ಆಯೋಗ 2023ರ ಸೆಪ್ಟೆಂಬರ್‌ನಲ್ಲಿ ತನ್ನ 283ನೇ ವರದಿಯಲ್ಲಿ ವಯಸ್ಸನ್ನು ಇಳಿಸುವುದು ಬೇಡವೆಂದಿತು, ಆದರೆ 16ರಿಂದ 18ರ ನಡುವಿನವರ ಮೌನ ಸಮ್ಮತಿ ಇದ್ದ ಪ್ರಕರಣಗಳಲ್ಲಿ ಶಿಕ್ಷೆಯ ವಿಷಯದಲ್ಲಿ ನ್ಯಾಯಾಧೀಶರಿಗೆ ನಿಯಂತ್ರಿತ ವಿವೇಚನೆ ಕೊಡಬಹುದು ಎಂದಿತು. ಚಿತ್ರಗಳ ವಿಷಯದಲ್ಲೂ ಅಂತಹದೇ ಒಂದು ಸಣ್ಣ ತಿದ್ದುಪಡಿ ಸಾಕು ಎಂಬುದು ನನ್ನ ನಿಲುವು. ವಯಸ್ಸಿನಲ್ಲಿ ಎರಡು ಮೂರು ವರ್ಷಕ್ಕಿಂತ ಅಂತರವಿಲ್ಲದ ಇಬ್ಬರ ನಡುವೆಯೇ ಉಳಿದ, ಬೆದರಿಕೆಯಾಗಲಿ ಹಣವಾಗಲಿ ಸೇರದ ಚಿತ್ರವನ್ನು ಅಪರಾಧದ ಪಟ್ಟಿಯಿಂದ ಹೊರಗಿಡಬೇಕು. ಅದು ಮೂರನೆಯವರ ಕೈಗೆ ಹೋದ ಕ್ಷಣದಿಂದ ಈಗಿನ ಬಿಗಿಯೆಲ್ಲ ಹಾಗೆಯೇ ಇರಬೇಕು. ಒಪ್ಪಿಗೆ ಇತ್ತು ಎಂಬ ನೆಪವನ್ನು ಶೋಷಕರು ಬಳಸಿಕೊಳ್ಳುತ್ತಾರೆ ಎಂಬ ಆಕ್ಷೇಪ ಸರಿಯಾದದ್ದೇ, ಅದಕ್ಕಾಗಿಯೇ ವಯಸ್ಸಿನ ಅಂತರದ ಷರತ್ತು.

ತಿದ್ದುಪಡಿ ಬರುವವರೆಗೆ ಒಂಬತ್ತನೇ ತರಗತಿಯ ಪಾಠವೇ ನಮ್ಮ ಕೈಯಲ್ಲಿರುವುದು. ಕಲಮುಗಳ ಪಟ್ಟಿಯನ್ನು ಓದಿ ಹೆದರಿಸಿದರೆ ಮಕ್ಕಳು ಚಿತ್ರ ಕಳಿಸುವುದನ್ನು ನಿಲ್ಲಿಸುವುದಿಲ್ಲ, ತೊಂದರೆಯಾದಾಗ ಹೇಳುವುದನ್ನು ನಿಲ್ಲಿಸುತ್ತಾರೆ. ನಾನು ತರಗತಿಗೆ ಹೋದಾಗ ಕಪ್ಪುಹಲಗೆಯ ಮೇಲೆ 1098 ಎಂದು ಮಾತ್ರ ಬರೆದು, ಒಂದು ಪ್ರಶ್ನೆ ಕೇಳುತ್ತೇನೆ: 'ಗೆಳತಿಯೊಬ್ಬಳ ಚಿತ್ರ ನಿಮ್ಮ ಫೋನಿಗೆ ಬಂತು. ಮುಂದಿನ ಒಂದು ನಿಮಿಷದಲ್ಲಿ ಏನು ಮಾಡುತ್ತೀರಿ?' ಮೊದಲು ಎಲ್ಲರೂ ನೆಲ ನೋಡುತ್ತಾರೆ. ನಂತರ ಯಾರೋ ಒಬ್ಬರು 'ಡಿಲೀಟ್ ಮಾಡ್ತೀನಿ' ಎನ್ನುತ್ತಾರೆ, ಇನ್ನೊಬ್ಬರು 'ಅವಳಿಗೆ ಹೇಳ್ತೀನಿ' ಎನ್ನುತ್ತಾರೆ, ಹಿಂದಿನ ಬೆಂಚಿನಿಂದ 'ಯಾರು ಕಳಿಸಿದ್ರು ಅಂತ ಬರೆದಿಟ್ಕೋತೀನಿ' ಎಂಬ ಉತ್ತರವೂ ಒಮ್ಮೆ ಬಂದಿತ್ತು. ಅಲ್ಲಿಂದ ಪಾಠ ಶುರುಮಾಡಬಹುದು.